ಮಹಾಸಭೆಗೆ ಸದಸ್ಯರು ಬರಬೇಕಾದರೆ



ವಾರ್ಷಿಕ ಮಹಾಸಭೆ ಸಮೀಪಿಸಿದಂತೆ ಆಡಳಿತ ಮಂಡಳಿಯಲ್ಲಿ ಒಂದೇ ಚಿಂತೆ: "ಕೋರಂ ಆದೀತೆ?" ಜನ ಬಾರದಿದ್ದರೆ ಸದಸ್ಯರಿಗೆ ಸಂಘದ ಮೇಲೆ ಅಭಿಮಾನವಿಲ್ಲವೆಂದು ದೂರುವುದು ವಾಡಿಕೆ. ನಮ್ಮ ಅನುಭವದಲ್ಲಿ ತಪ್ಪು ಹೆಚ್ಚಾಗಿ ಸಭೆ ಕರೆದವರದೇ, ನಮ್ಮನ್ನೂ ಸೇರಿಸಿ.

ಕೆಲವು ವರ್ಷಗಳ ಹಿಂದೆ ಆಗಸ್ಟ್ ಮೊದಲ ವಾರದಲ್ಲಿ ಸಭೆ ಇಟ್ಟಿದ್ದೆವು. ಬಿಡದೆ ಹೊಯ್ಯುತ್ತಿದ್ದ ಮಳೆ ಆ ದಿನ ಬೆಳಿಗ್ಗೆಯೇ ಹೊಳವಾಯಿತು. ಎರಡನೇ ಸಲದ ಬೋರ್ಡೋ ಸಿಂಪರಣೆ ಬಾಕಿಯಿದ್ದವರೆಲ್ಲ ಬಿಸಿಲು ಕಂಡ ಕೂಡಲೇ ಮೈಲುತುತ್ತ ಕರಗಿಸಲು ಕೂತರು, ಮರ ಹತ್ತುವವರಿಗೆ ಹೇಳಿಕಳಿಸಿದರು. ಕೊಳೆರೋಗ ಸಭೆ ಮುಗಿಯುವವರೆಗೆ ಕಾಯುವುದಿಲ್ಲವಷ್ಟೆ! ಕೋರಂ ಆಗದೆ ಸಭೆ ಮುಂದೆ ಹೋಯಿತು, ಮಾಡಿಸಿದ ಊಟವೂ ಉಳಿಯಿತು. ಸಂಘದ ಕಣ ವಿಸ್ತರಿಸುವ ಠರಾವು ಅಂದೇ ಆಗಬೇಕಿತ್ತು. ಮತ್ತೆ ಸಭೆ ಸೇರಿ, ಹಣ ಮಂಜೂರಾಗಿ, ಸಿಮೆಂಟು ಬರುವಷ್ಟರಲ್ಲಿ ಅರೇಬಿಕಾ ಕೊಯ್ಲು ಆರಂಭವಾಗಿತ್ತು. ಆ ವರ್ಷ ರಾಶಿಯಲ್ಲೇ ಬೂಷ್ಟು ಹಿಡಿದದ್ದು ಮನೆಮುಂದೆ ಕಣವಿಲ್ಲದ ಸಣ್ಣ ಬೆಳೆಗಾರರ ಹಣ್ಣು.

ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ; ಅಲ್ಲಿಂದ ಆರು ತಿಂಗಳೊಳಗೆ ಮಹಾಸಭೆ ನಡೆಯಬೇಕು. ಲೆಕ್ಕ ಪರಿಶೋಧನೆ ಮುಗಿಸಿಕೊಂಡು ಹೊರಡುವಷ್ಟರಲ್ಲಿ ನಮ್ಮ ಕೈಗೆ ಉಳಿಯುವುದು ಮಳೆಗಾಲವೇ. ಅಡಿಕೆಗೆ ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಹೊತ್ತಿಗೆ, ಎರಡನೆಯದು 40-45 ದಿನಗಳ ನಂತರ. ಆದ್ದರಿಂದ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಸಭೆಯ ಯೋಚನೆಯೇ ಬೇಡ. ಸೆಪ್ಟೆಂಬರ್ ವಾಸಿ, ಆದರೆ ಪಂಚಾಂಗ ತೆಗೆದು ಗೌರಿ-ಗಣೇಶ ಹಬ್ಬ, ಪಿತೃಪಕ್ಷ ಯಾವಾಗೆಂದು ನೋಡಿಕೊಳ್ಳಬೇಕು. ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಹೇಗೂ ಪೇಟೆಗೆ ಬರುವವರು ಸಭೆಗೂ ಬರುತ್ತಾರೆ.

ಈಗ ನಾವು ದಿನ ಗೊತ್ತುಮಾಡುವ ಮೊದಲೇ ಸದಸ್ಯರನ್ನು ಕೇಳುತ್ತೇವೆ. ಮೇ ತಿಂಗಳಲ್ಲಿ ಯಾರಾದರೊಬ್ಬರ ತೋಟದಲ್ಲಿ ಬೋರ್ಡೋ ದ್ರಾವಣದ ಪ್ರಾತ್ಯಕ್ಷಿಕೆ ಇಡುತ್ತೇವೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಎಲ್ಲರಿಗೂ ಗೊತ್ತಿರುವುದೇ. ಆದರೂ ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ತೋರಿಸುವಾಗ ಹಿರಿಯರೂ ಬಗ್ಗಿ ನೋಡುತ್ತಾರೆ. ಭಾಷಣಕ್ಕೆ ಬಾರದವರು ಇದಕ್ಕೆ ಬರುತ್ತಾರೆ. ಮಹಾಸಭೆಗೆ ಯಾವ ವಾರ ಅನುಕೂಲವೆಂದು ಅಲ್ಲಿಯೇ ವಿಚಾರಿಸಿಕೊಳ್ಳುತ್ತೇವೆ.

ಇನ್ನು ನೋಟೀಸು. "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರ ವಿಷಯಗಳು" ಎಂಬುದನ್ನು ಓದಿ ಯಾರೂ ಕೆಲಸ ಬಿಟ್ಟು ಬರಲಾರರು. ನಿಯಮದ ನೋಟೀಸಿನೊಡನೆ ಒಂದು ಚೀಟಿ ಸೇರಿಸಿ: "ಕಣದ ಬಾಡಿಗೆ ಎಷ್ಟಿರಬೇಕೆಂದು ಈ ಸಲ ನೀವೇ ತೀರ್ಮಾನಿಸುವಿರಿ." ವಾಟ್ಸಾಪ್ ಗುಂಪಿಗೆ ಹಾಕಿದರೆ ಮುಗಿಯಿತೆಂಬ ಭ್ರಮೆ ಬೇಡ. ಹಳ್ಳದಾಚೆಯ ಮನೆಗಳಿಗೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ಟವರೂ ಸಿಗದು. ಹಾಲಿನ ಡೈರಿಯಲ್ಲೂ ಗೊಬ್ಬರದ ಗೋದಾಮಿನಲ್ಲೂ ಚೀಟಿ ಅಂಟಿಸಿ. ನಿರ್ದೇಶಕರು ತಮ್ಮ ತಮ್ಮ ಊರಿನ ಮನೆಗಳಿಗೆ ಹೋಗಿ ಬಾಯಿಮಾತಿನಲ್ಲಿಯೂ ಹೇಳಲಿ.

ಸಭೆಯ ದಿನ ಲೆಕ್ಕಪತ್ರ, ಠರಾವುಗಳೆಲ್ಲ ಊಟಕ್ಕೆ ಮುಂಚೆಯೇ. ಸನ್ಮಾನ, ಹಾರ ತುರಾಯಿ, ಅತಿಥಿಗಳ ಭಾಷಣ ಊಟದ ನಂತರ. ಇದರಿಂದ ಒಬ್ಬಿಬ್ಬರು ಅತಿಥಿಗಳಿಗೆ ಬೇಸರವಾದದ್ದುಂಟು, ಆಗಲಿ. ಪ್ರಶ್ನೆ ಕೇಳುವ ಸರದಿಯಲ್ಲಿ ಮೊದಲ ಅವಕಾಶ ದೂರದ ಊರಿನವರಿಗೆ. ಅವರ ಕೊನೆಯ ಬಸ್ಸು ಬೇಗ ಹೊರಡುತ್ತದೆ.