ಹಿಮಪರ್ವತಗಳ ನಡುವೆ ಒಬ್ಬ ಕಪ್ತಾನ

ಅಂಬಿಗರ ಚೌಡಯ್ಯನಂಥ ವಚನಕಾರನನ್ನು ಕನ್ನಡಕ್ಕಿತ್ತ ತುಂಗಭದ್ರೆಯ ದಂಡೆಯ ಹೊನ್ನಾಳಿ-ನ್ಯಾಮತಿ ಸೀಮೆಯವರಿಗೆ ಹರಿಗೋಲಾಗಲಿ, ಸೂಳೆಕೆರೆಯ ವಿಸ್ತಾರವನ್ನು ಕಂಡು ಬೆಳೆದ ಚನ್ನಗಿರಿಯವರಿಗೆ ಜಲರಾಶಿಯ ಗಾಂಭೀರ್ಯವಾಗಲಿ ಅಪರಿಚಿತವಲ್ಲ. ಮುಗಿಲು ನೋಡುತ್ತ ಬಾಳುವ ಜಗಳೂರಿನವರಿಗಂತೂ ನೀರಿನ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ದಡವೇ ಕಾಣದ ಮಹಾಸಾಗರದ ಮೇಲೆ ಸಾವಿರಾರು ಪ್ರಾಣಗಳ ಭಾರವನ್ನು ಹೊತ್ತು ಸಾಗುವ ಪ್ರಯಾಣಿಕ ಹಡಗಿನ ಕಪ್ತಾನನ ಬಾಳು ನಮಗೆ ದೂರದ್ದು. ಅದನ್ನರಿಯಲು ಆರ್ಥರ್ ಹೆನ್ರಿ ರಾಸ್ಟ್ರನ್ನನ ಜೀವನ ಚರಿತ್ರೆಯನ್ನು ನೋಡಬೇಕು.

1869ರಲ್ಲಿ ಇಂಗ್ಲೆಂಡಿನ ಬೋಲ್ಟನ್ ನಗರದ ಬಳಿ ಜನಿಸಿದ ಈತನು ಹದಿಹರೆಯದಲ್ಲಿಯೇ 'ಕಾನ್ವೇ' ಎಂಬ ತರಬೇತಿ ನೌಕೆಯನ್ನು ಸೇರಿ, ಹಾಯಿಹಡಗುಗಳಲ್ಲಿ ದುಡಿದು, ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ, 1895ರಲ್ಲಿ ಕುನಾರ್ಡ್ ಹಡಗು ಕಂಪನಿಯ ಕಿರಿಯ ಅಧಿಕಾರಿಯಾದನು. 'ಕಾರ್ಪೇಥಿಯಾ' ಹಡಗಿನ ನಾಯಕತ್ವ ದೊರೆತದ್ದು 1912ರ ಜನವರಿಯಲ್ಲಿ.

ಅದೇ ವರ್ಷ ಏಪ್ರಿಲ್ 14ರ ನಡುರಾತ್ರಿ ಕಳೆದ ಮೇಲೆ, ನಿಸ್ತಂತು ಅಧಿಕಾರಿ ಹೆರಾಲ್ಡ್ ಕಾಟಮ್ ಓಡಿಬಂದು 'ಟೈಟಾನಿಕ್' ಹಡಗು ಮುಳುಗುತ್ತಿರುವ ಸುದ್ದಿಯನ್ನು ತಿಳಿಸಿದಾಗ, ರಾಸ್ಟ್ರನ್ ಮೊದಲು ಹಡಗನ್ನು ತಿರುಗಿಸಲು ಅಪ್ಪಣೆ ಕೊಟ್ಟನು. ಸುದ್ದಿ ನಿಜವೇ ಎಂದು ಕೇಳಿದ್ದು ಆಮೇಲೆ. ದೂರ 58 ಮೈಲಿ ಎಂದು ತಾನೇ ಗಣಿಸಿದನು. ಬಿಡುವಿನಲ್ಲಿದ್ದ ಕಲ್ಲಿದ್ದಲಿನ ಆಳುಗಳನ್ನೂ ಕುಲುಮೆಗಳ ಮುಂದೆ ನಿಲ್ಲಿಸಿ, ಕೋಣೆಗಳ ಬಿಸಿನೀರನ್ನೂ ಶಾಖವನ್ನೂ ಕಡಿದು, ಆ ಹಬೆಯನ್ನೆಲ್ಲ ಯಂತ್ರಗಳಿಗೆ ಹರಿಸಿ, ವೈದ್ಯರನ್ನು ಭೋಜನಶಾಲೆಗಳಲ್ಲಿ ಸಿದ್ಧವಾಗಿರಿಸಿ, ಹಗ್ಗದೇಣಿಗಳನ್ನೂ, ಕೂಸುಗಳನ್ನು ಮೇಲೆತ್ತಲು ಕ್ಯಾನ್ವಾಸ್ ಚೀಲಗಳನ್ನೂ, ಕಾಫಿ ಕಂಬಳಿಗಳನ್ನೂ ಅಣಿಗೊಳಿಸಿದ ಆ ಆಜ್ಞೆಗಳಲ್ಲಿ ಒಂದು ಪದವೂ ವ್ಯರ್ಥವಾಗಲಿಲ್ಲ. ಕತ್ತಲಲ್ಲಿ ಹಿಮಪರ್ವತಗಳನ್ನು ತಪ್ಪಿಸಿಕೊಂಡು ಸಾಗುವ ಆ ವೇಗವು ತನ್ನ ಹಡಗಿನ ಏಳುನೂರಕ್ಕೂ ಹೆಚ್ಚು ಪ್ರಯಾಣಿಕರನ್ನೂ ಅಪಾಯಕ್ಕೊಡ್ಡುವುದೆಂಬುದನ್ನು ಬಲ್ಲ ಕಪ್ತಾನನು, ಟೋಪಿಯನ್ನು ತುಸು ಮೇಲೆತ್ತಿ ಮೌನವಾಗಿ ಪ್ರಾರ್ಥಿಸುತ್ತಿದ್ದನೆಂದು ಜೊತೆಗಿದ್ದವರು ಹೇಳಿದ್ದಾರೆ. ಧೈರ್ಯಕ್ಕಿಂತಲೂ ಆತನ ಪೂರ್ವಸಿದ್ಧತೆಯೇ ದೊಡ್ಡದೆಂದು ನನಗನ್ನಿಸುತ್ತದೆ. ಬರಿಯ ಧೈರ್ಯದಿಂದ ಹೋಗಿದ್ದರೆ, ತಲುಪಿದ ಮೇಲೆ ಏಣಿ ಹುಡುಕಬೇಕಾಗುತ್ತಿತ್ತು.

ಬೆಳಗಿನ ನಾಲ್ಕರ ವೇಳೆಗೆ ಅಲ್ಲಿ ಟೈಟಾನಿಕ್ ಇರಲಿಲ್ಲ, ದೋಣಿಗಳಿದ್ದವು. ಅವುಗಳಲ್ಲಿದ್ದ ಏಳುನೂರಕ್ಕೂ ಮಿಗಿಲಾದ ಜನರನ್ನು ಏರಿಸಿಕೊಂಡು ಕಾರ್ಪೇಥಿಯಾ 18ರಂದು ನ್ಯೂಯಾರ್ಕ್ ಸೇರಿತು. ಸುಪ್ರಸಿದ್ಧ 'ಮಾರಿಟೇನಿಯಾ'ದ ನಾಯಕತ್ವ, 1926ರಲ್ಲಿ ಸರ್ ಪದವಿ, ಅಮೆರಿಕದ ಕಾಂಗ್ರೆಸ್ಸಿನ ಚಿನ್ನದ ಪದಕ, ಇವೆಲ್ಲ ಆತನನ್ನು ಹುಡುಕಿಕೊಂಡು ಬಂದವು. 1931ರಲ್ಲಿ ನಿವೃತ್ತನಾಗಿ, 1940ರ ನವೆಂಬರಿನಲ್ಲಿ ತೀರಿಕೊಂಡನು.

ಕೆಡೆಟ್ಟಿನಿಂದ ಕಪ್ತಾನನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ಕ್ರಮವೇ ಇಂದಿಗೂ ನಡೆಯುತ್ತಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದ ನಮ್ಮ ತಾಲ್ಲೂಕುಗಳ ಹುಡುಗ ಹುಡುಗಿಯರು, 2008ರಲ್ಲಿ ಸ್ಥಾಪಿತವಾಗಿ ಚೆನ್ನೈಯಲ್ಲಿ ಕೇಂದ್ರವನ್ನುಳ್ಳ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯ ಕಡೆಗೂ ಒಮ್ಮೆ ದೃಷ್ಟಿ ಹಾಯಿಸಲಿ.