ಮಾತು ಸರಾಗ, ದಾರಿ ಗೋಜಲು

ಖಾನಾಪುರದಲ್ಲಿ ಬಸ್ ಹತ್ತಿದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಸುಮಾರು 25 ಕಿ.ಮೀ. ದೂರದ ಬೆಳಗಾವಿ ಬರುವಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಅವನ ಗೆಳೆಯರು! ಆದರೆ ಇಳಿದ ಮೇಲೆ ಯಾವ ಕಡೆ ಹೋಗಬೇಕೋ ತಿಳಿಯದು. ಚಿಲ್ಲರೆ ಎಣಿಸಲೂ ಬಾರದು. ‘ಇಷ್ಟು ಮಾತಾಡುವವನಿಗೆ ಇದು ಬಾರದೇ? ಸೋಮಾರಿ’ ಎಂದುಬಿಡುತ್ತೇವೆ.

ವಿಲಿಯಮ್ಸ್ ಸಿಂಡ್ರೋಮ್ ಇರುವ ಅನೇಕ ವಯಸ್ಕರ ಪಾಡು ಇದೇ. ನ್ಯೂಜಿಲೆಂಡ್‌ನ ವೈದ್ಯ ಜೆ.ಸಿ.ಪಿ. ವಿಲಿಯಮ್ಸ್ 1961ರಲ್ಲಿ ಇದನ್ನು ವಿವರಿಸಿದರು. 7ನೇ ವರ್ಣತಂತುವಿನ ಚೂರೊಂದು ಇಲ್ಲವಾಗುವುದೇ ಇದಕ್ಕೆ ಕಾರಣ. ಬಹುಪಾಲು ಇದು ಆಕಸ್ಮಿಕ. ಬಸುರಿಯಲ್ಲಿ ತಾಯಿ ತಿಂದದ್ದಾಗಲಿ, ಗ್ರಹಣವಾಗಲಿ ಕಾರಣವಲ್ಲ.

ಇವರ ಬುದ್ಧಿಶಕ್ತಿ ಎಲ್ಲದರಲ್ಲೂ ಒಂದೇ ಸಮ ಕುಂದಿರುವುದಿಲ್ಲ. ಮಾತು, ಮುಖದ ಗುರುತು, ಸಂಗೀತದ ಒಲವು ಮುಂದು. ಲೆಕ್ಕ, ದಿಕ್ಕು, ಚಿತ್ರ ಬಿಡಿಸುವುದು ಹಿಂದು. ಅಪರಿಚಿತರನ್ನೂ ಬೇಗ ನಂಬುವುದರಿಂದ ಮೋಸಹೋಗುವ ಅಪಾಯವಿದೆ. ನಗುಮುಖದ ಹಿಂದೆ ಆತಂಕ ಅಡಗಿರುತ್ತದೆ. ಪಟಾಕಿಯ ಸದ್ದೂ ಕಂಗೆಡಿಸಬಹುದು.

ರಕ್ತಪರೀಕ್ಷೆಯಿಂದ ಇದನ್ನು ಖಚಿತಪಡಿಸಬಹುದು. ಹೃದಯದ ತಪಾಸಣೆಯೂ ಅಗತ್ಯ.

ಪಾಲಕರೇ, ದಾರಿಯನ್ನು ನಕ್ಷೆಯಲ್ಲಿ ತೋರಿಸುವ ಬದಲು ಮಾತಿನಲ್ಲಿ ಹೇಳಿಕೊಡಿ: ‘ಅಂಚೆ ಕಚೇರಿ ದಾಟಿದ ಮೇಲೆ ಬಲಕ್ಕೆ ಹೊರಳು’. ಅದೇ ಹಾದಿಯಲ್ಲಿ ಜತೆಗೆ ಹತ್ತಾರು ಸಲ ನಡೆಯಿರಿ. ವಿದ್ಯಾರ್ಥಿಗಳೇ, ಇಂಥ ಗೆಳೆಯ ಸಿಕ್ಕರೆ ಅವನ ಹಾಡು ಕೇಳಿ, ಚಿಲ್ಲರೆ ಎಣಿಸಿಕೊಡಿ. ಅವನನ್ನು ಸೋಮಾರಿ ಎನ್ನಬೇಡಿ.