ಪಿಸ್ತೂಲಿನ ಟ್ರಿಗರ್ ಏಕೆ ಬಿಗಿ?

ಯುಗಾದಿ ಕಾರ್ಯಕ್ರಮದ ವರದಿ, ಮಕ್ಕಳ ಕನ್ನಡ ತರಗತಿಯ ವೇಳಾಪಟ್ಟಿ, ಬಿಸಿಬೇಳೆಬಾತಿನ ಪಾಕವಿಧಾನ ಇವುಗಳ ನಡುವೆ ಪಿಸ್ತೂಲು ಎಲ್ಲಿಂದ ಬಂತು ಎಂದು ಓದುಗರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದಮೇಲೆ "ನಾನೂ ಪಿಸ್ತೂಲ್ ಕ್ಲಬ್ಬಿಗೆ ಸೇರುತ್ತೇನೆ" ಎನ್ನುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. 2025ರ ಡಿಸೆಂಬರಿನಲ್ಲಿ ಸಿಡ್ನಿಯ ಬಾಂಡೈ ಕಡಲತೀರದಲ್ಲಿ ನಡೆದ ಹತ್ಯೆಗಳ ನಂತರ ಆ ಮಾತು ಕೇಳಿ ಎದೆ ಧಸಕ್ಕೆನ್ನುವ ತಾಯಂದಿರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಬಹುದಾದ ಒಂದು ಚಿಕ್ಕ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅದು ಟ್ರಿಗರ್, ಅಂದರೆ ಬೆರಳು ಎಳೆಯುವ ಆ ಪುಟ್ಟ ಕೊಂಡಿ.

ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರೊಂದಿದೆ. ಈಗಿನ ಪಿಸ್ತೂಲುಗಳ ಟ್ರಿಗರ್ ಬಿಗಿ, ಎಳೆದರೆ ರಬ್ಬರು ಎಳೆದಂತೆ. ಹಳೆಯ ಕೋಲ್ಟ್ ಪಿಸ್ತೂಲಿನದಾದರೋ ಹಪ್ಪಳ ಮುರಿದಂತೆ ಟಕ್ಕನೆ ಬಿಡುತ್ತಿತ್ತು, ಈಗ ಎಲ್ಲ ಕಾರ್ಖಾನೆಯ ಅಗ್ಗದ ಮಾಲು ಎಂದು. ದೂರಿನ ಮೊದಲ ಭಾಗ ನಿಜ. ಕೊನೆಯದು ನಿಜವಲ್ಲ ಎಂದು ನನ್ನ ವಾದ. ಆ ಬಿಗಿ ಕೆಲಸಗಾರಿಕೆಯ ದೋಷವಲ್ಲ. ಹಿಂದೆ ಬೇರೆಲ್ಲೋ ಇದ್ದ ರಕ್ಷಣೆಯನ್ನು ತಂದು ಅಲ್ಲಿ ಕೂರಿಸಿದ್ದಾರೆ.

ನಮ್ಮ ಸಂಘದ ಕೊಡಗಿನ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಹಳೆಯ ಕೋವಿಯನ್ನು ನೆನಪಿಸಿಕೊಳ್ಳಿ. ಅದರ ಕುದುರೆ ಹೊರಗಡೆ ಇರುತ್ತಿತ್ತು. ಕುದುರೆ ಹಿಂದಕ್ಕೆ ಎಳೆದಿದ್ದರೆ ಅಜ್ಜಿಗೂ ಗೊತ್ತು, ಮಗುವಿಗೂ ಗೊತ್ತು: ಕೋವಿ ಸಿದ್ಧವಾಗಿದೆ, ದೂರ ನಿಲ್ಲು. ಅಪಾಯ ಕಣ್ಣಿಗೆ ಕಾಣುತ್ತಿತ್ತು. (ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಭಾರತ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಪರ್ತ್ ವಿಮಾನ ನಿಲ್ದಾಣದಲ್ಲಿ ಆ ಕಾಗದ ತೋರಿಸಿ ಪ್ರಯೋಜನವಿಲ್ಲ. ಇಲ್ಲಿ ಗಾಳಿ ಪಿಸ್ತೂಲಿಗೂ ಲೈಸೆನ್ಸ್ ಬೇಕು.)

ಜಾನ್ ಬ್ರೌನಿಂಗ್ ರಚಿಸಿದ, 1911ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಕೋಲ್ಟ್ ಪಿಸ್ತೂಲಿನಲ್ಲೂ ಕುದುರೆ ಹೊರಗೇ. ಅದು ಪೂರ್ತಿ ಎಳೆದು ನಿಂತಿರುತ್ತದೆ. ಟ್ರಿಗರಿಗೆ ಉಳಿದಿರುವುದು ಅದನ್ನು ಬಿಡುವ ಒಂದೇ ಕೆಲಸ. ಆದ್ದರಿಂದ ಎಳೆತ ಗಿಡ್ಡ, ಹಗುರ. ಅಪಾಯಕ್ಕೆ ಕಾವಲು ಬೇರೆಡೆ: ಹೆಬ್ಬೆರಳಿಗೆ ಸಿಗುವ ಒಂದು ಸನ್ನೆ, ಅಂಗೈ ಒತ್ತಿದರೆ ಮಾತ್ರ ಬಿಡುವ ಇನ್ನೊಂದು ಹಿಡಿ. 1929ರಲ್ಲಿ ಜರ್ಮನಿಯ ವಾಲ್ಟರ್ ಕಂಪೆನಿ ಬೇರೆ ದಾರಿ ಹಿಡಿಯಿತು. ಅದರ ಪಿಸ್ತೂಲಿನಲ್ಲಿ ಮೊದಲ ಎಳೆತವೇ ಕುದುರೆಯನ್ನು ಎತ್ತಿ ಬಿಡುತ್ತದೆ, ಹಾಗಾಗಿ ಉದ್ದ ಮತ್ತು ಭಾರ. ಎರಡನೆಯದರಿಂದ ಗಿಡ್ಡ ಮತ್ತು ಹಗುರ. ಸುರಕ್ಷಿತವೇನೋ ಹೌದು, ಆದರೆ ಮೊದಲ ಗುಂಡು ಒಂದು ಕಡೆ, ಎರಡನೆಯದು ಇನ್ನೊಂದು ಕಡೆ.

ಎಲ್ಲ ಬದಲಾದದ್ದು 1982ರಲ್ಲಿ. ಆಸ್ಟ್ರಿಯದ ಗಾಸ್ಟನ್ ಗ್ಲಾಕ್ ಎಂಬಾತ ಪರದೆಯ ಸರಳು, ಚಾಕು ಇತ್ಯಾದಿ ಮಾಡುತ್ತಿದ್ದವ; ಅದುವರೆಗೆ ಒಂದು ಪಿಸ್ತೂಲನ್ನೂ ಮಾಡಿರಲಿಲ್ಲ. ಆತನ ಪಿಸ್ತೂಲನ್ನು ಆಸ್ಟ್ರಿಯದ ಸೈನ್ಯ ಒಪ್ಪಿಕೊಂಡಿತು. ಚೌಕಟ್ಟು ಉಕ್ಕಿನದಲ್ಲ, ನೈಲಾನ್ ಜಾತಿಯ ಪಾಲಿಮರಿನದು. ಹೊರಗೆ ಕುದುರೆ ಇಲ್ಲ, ಹೆಬ್ಬೆರಳಿನ ಸನ್ನೆಯೂ ಇಲ್ಲ. ಒಳಗೆ ಸ್ಪ್ರಿಂಗಿನ ಬಲದಿಂದ ನುಗ್ಗುವ ಒಂದು ಸೂಜಿ, ಅರ್ಧ ಮಾತ್ರ ಹಿಂದೆ ಸರಿದು ನಿಂತಿರುತ್ತದೆ. ಟ್ರಿಗರ್ ಎಳೆದಾಗ ಏಕಕಾಲಕ್ಕೆ ಹಲವು ಕೆಲಸ ನಡೆಯಬೇಕು: ಟ್ರಿಗರಿನ ನಡುವಿನ ಪುಟ್ಟ ನಾಲಗೆ ಒತ್ತಬೇಕು, ಸೂಜಿಗೆ ಅಡ್ಡ ನಿಂತ ಗುಂಡಿ ಮೇಲೇರಬೇಕು, ಬಿದ್ದರೂ ಸಿಡಿಯದಂತೆ ಹಿಡಿದ ತಡೆ ಸರಿಯಬೇಕು, ಸೂಜಿ ಉಳಿದರ್ಧ ಹಿಂದೆ ಹೋಗಬೇಕು, ಕೊನೆಗೆ ಬಿಡುಗಡೆ. ಇಷ್ಟಕ್ಕೂ ಬೆರಳೇ ಕೂಲಿ ತೆರಬೇಕು, ಸುಮಾರು ಎರಡೂವರೆ ಕಿಲೋ. ಲೋಹ ಲೋಹಕ್ಕೆ ಉಜ್ಜುವ ಜಾಗಗಳು ಹೆಚ್ಚಾದುದರಿಂದ ಆ ಮರಳು ಮರಳು ಅನುಭವ.

ನನ್ನ ಕಸುಬು ರಸಾಯನಶಾಸ್ತ್ರ. ಈ "ಅನುಭವ" ನನಗೆ ಬ್ಯೂರೆಟ್ಟಿನ ತಿರುಗಣೆಯನ್ನು ನೆನಪಿಸುತ್ತದೆ. ಪಿಯುಸಿಯಲ್ಲಿ ಟೈಟ್ರೇಷನ್ ಮಾಡಿದವರಿಗೆಲ್ಲ ಗೊತ್ತು: ಗಾಜಿನ ತಿರುಗಣೆ ಮೊದಲು ಹಿಡಿದುಕೊಂಡು, ಆಮೇಲೆ ಒಮ್ಮೆಲೇ ಜಾರಿ, ಒಂದು ಹನಿ ಬೇಕಿದ್ದಲ್ಲಿ ನಾಲ್ಕು ಹನಿ ಬಿದ್ದು ಫ್ಲಾಸ್ಕು ಢಾಳು ಗುಲಾಬಿಯಾಗುತ್ತಿತ್ತು. ನಿಂತ ವಸ್ತುವಿನ ಘರ್ಷಣೆ ಚಲಿಸುವ ವಸ್ತುವಿನದಕ್ಕಿಂತ ಹೆಚ್ಚು ಎಂಬುದೇ ಕಾರಣ. ಟೆಫ್ಲಾನ್ ತಿರುಗಣೆ ಬಂದಮೇಲೆ ಆ ಕಾಟ ತಪ್ಪಿತು. ಗಮನಿಸಿ, ಟೆಫ್ಲಾನ್ ತಿರುಗಣೆಯನ್ನು ನಾವು ಸಡಿಲ ಬಿಡುವುದಿಲ್ಲ; ಸಡಿಲವಾದರೆ ಸೋರುತ್ತದೆ. ಬಿಗಿ ಇದ್ದೂ ನುಣುಪು, ಬೇಕಾದದ್ದು ಅದು. ಟ್ರಿಗರಿನಲ್ಲೂ ಮುಖ್ಯವಾದುದು ತೂಕವಲ್ಲ, ತೂಕ ಬೆರಳಿಗೆ ಬರುವ ರೀತಿ. ಮೊದಲು ಖಾಲಿ ನಡೆ, ಆಮೇಲೆ ಬೆರಳಿಗೆ ತಗಲುವ ಗೋಡೆ, ಗೋಡೆ ಒಡೆಯುವ ಕ್ಷಣ, ಕೊನೆಗೆ ಟ್ರಿಗರ್ ಮುಂದೆ ಬಂದು ಮತ್ತೆ ಕೂರುವ ಟಿಕ್ ಸದ್ದು. ಗೋಡೆ ಎಲ್ಲಿದೆ ಎಂದು ಬೆರಳಿಗೆ ಪ್ರತಿಸಲವೂ ಒಂದೇ ರೀತಿ ತಿಳಿದರೆ ಎರಡೂವರೆ ಕಿಲೋ ಭಾರವೆನಿಸುವುದಿಲ್ಲ.

ಕಳೆದ ಸುಮಾರು ಇಪ್ಪತ್ತು ವರ್ಷಗಳ ಸುಧಾರಣೆ ಬಹುಪಾಲು ಈ ದಿಕ್ಕಿನಲ್ಲೇ. ಸ್ಮಿತ್ ಅಂಡ್ ವೆಸನ್ ಕಂಪೆನಿಯ ಎಂ ಅಂಡ್ ಪಿ 2005ರಲ್ಲಿ ಬಂದಾಗ ಅದರ ಟ್ರಿಗರಿಗೆ ನಡುವೆ ಕೀಲು, ಮರುಕೂರುವ ಸದ್ದು ಬೆರಳಿಗೆ ತಿಳಿಯುತ್ತಲೇ ಇರಲಿಲ್ಲವೆಂಬ ಆಕ್ಷೇಪ. 2017ರ ಎರಡನೆಯ ಆವೃತ್ತಿಯಲ್ಲಿ ಸರಿಪಡಿಸಿದರು. ಬಾಗಿದ ಟ್ರಿಗರಿನ ಜಾಗಕ್ಕೆ ಚಪ್ಪಟೆ ಟ್ರಿಗರ್ ಬಂತು. ಬೋರ್‌ವೆಲ್ ಕೈಪಂಪಿನ ಹಿಡಿಯ ತುದಿ ಹಿಡಿದರೆ ನೀರೆತ್ತುವುದು ಸುಲಭವಲ್ಲವೇ? ಚಪ್ಪಟೆ ಟ್ರಿಗರಿನಲ್ಲಿ ಬೆರಳನ್ನು ಕೆಳಗಿಡಬಹುದು. ಸ್ಪ್ರಿಂಗ್ ಅದೇ, ರಕ್ಷಣೆ ಅದೇ, ಬೆರಳಿಗೆ ಮಾತ್ರ ಹಗುರ.

ಇನ್ನು ನಮ್ಮ ಊರುಗಳಿಗೆ ಬರೋಣ. ಕ್ವೀನ್ಸ್‌ಲ್ಯಾಂಡಿನ ಪೊಲೀಸರೂ ಪಶ್ಚಿಮ ಆಸ್ಟ್ರೇಲಿಯದ ಪೊಲೀಸರೂ ಗ್ಲಾಕ್ ಆರಿಸಿದರು. ಅಡಿಲೇಡಿನ ಕಡೆಯವರು ರಿವಾಲ್ವರ್ ಬಿಟ್ಟು ಎಂ ಅಂಡ್ ಪಿ ಆರಿಸಿದರು. ಜನಸಾಮಾನ್ಯರ ಕಥೆ ಬೇರೆ. 1996ರ ಪೋರ್ಟ್ ಆರ್ಥರ್ ದುರಂತದ ಕಾನೂನು ಮುಖ್ಯವಾಗಿ ಉದ್ದ ಬಂದೂಕುಗಳದು. ಪಿಸ್ತೂಲಿನ ಸರದಿ ಬಂದದ್ದು 2002ರ ಅಕ್ಟೋಬರಿನಲ್ಲಿ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾನಿಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು ಸತ್ತ ಮೇಲೆ. 2003ರಲ್ಲಿ ಸರಕಾರ 70,000ಕ್ಕೆ ಸಮೀಪ ಪಿಸ್ತೂಲುಗಳನ್ನು ಕೊಂಡು ನಾಶಮಾಡಿತು. ಕ್ರೀಡೆಗೆ ಇಟ್ಟುಕೊಳ್ಳುವ ಸೆಮಿ-ಆಟೊಮ್ಯಾಟಿಕ್‌ಗೆ ನಳಿಗೆ ಕನಿಷ್ಠ 120 ಮಿಲಿಮೀಟರ್, ತೋಟೆ ಹತ್ತಕ್ಕೆ ಮೀರಬಾರದು ಎಂದಾಯಿತು. ಸಾಮಾನ್ಯ ಗ್ಲಾಕ್ 17ರ ನಳಿಗೆ 114 ಮಿಲಿಮೀಟರ್! ಆರು ಮಿಲಿಮೀಟರಿಗೆ ಮಾರುಕಟ್ಟೆ ಬಿಡುವುದುಂಟೇ? ಕಂಪೆನಿ ನಳಿಗೆಯ ಮೂತಿ ತುಸು ಹೊರಗೆ ಚಾಚಿದ 17ಎ ಎಂಬ ಮಾದರಿಯನ್ನು ಈ ದೇಶಕ್ಕೆಂದೇ ಮಾಡಿತು. ಸೊಂಟದಲ್ಲಿ ಬಚ್ಚಿಡುವುದು ಕಷ್ಟವಾಗಲಿ ಎಂಬ ಕಾನೂನಿನ ಉದ್ದೇಶ ಅರ್ಥವಾಗುತ್ತದೆ. ಆದರೆ ನಳಿಗೆಗೆ ಅಳತೆಪಟ್ಟಿ ಹಿಡಿದ ಆ ನಿಯಮ ಟ್ರಿಗರಿನ ಬಗ್ಗೆ ಒಂದು ಸಂಖ್ಯೆಯನ್ನೂ ಹೇಳಲಿಲ್ಲ.

ಅಲ್ಲೇ ನನ್ನ ಕಳವಳ. ಟ್ರಿಗರನ್ನು ಹಗುರಮಾಡುವ ಬಿಡಿಭಾಗಗಳ ಮಾರಾಟ ದೊಡ್ಡ ವ್ಯಾಪಾರ. ಬೆಣ್ಣೆಯಂತಾಗುತ್ತದೆ ಎನ್ನುತ್ತಾರೆ. ಸ್ಪ್ರಿಂಗ್ ಮೆತ್ತಗಾದರೆ, ಒಂದಕ್ಕೊಂದು ಕಚ್ಚಿಕೊಂಡ ಉಕ್ಕಿನ ಅಂಚುಗಳನ್ನು ಉಜ್ಜಿ ತೆಳುಮಾಡಿದರೆ, ಬೆಣ್ಣೆಯೇನೋ ಆಗುತ್ತದೆ. ಹೊರಗೆ ಸನ್ನೆಯಿಲ್ಲದ ಪಿಸ್ತೂಲಿನಲ್ಲಿ ಕಾವಲುಗಾರ ಅಲ್ಲೇ ಇದ್ದನೆಂಬುದನ್ನು ಮರೆತಂತೆಯೂ ಆಗುತ್ತದೆ.

ಕಾರ್ಖಾನೆಗಳಿಗೂ ಈ ಲೆಕ್ಕ ಸುಲಭವಲ್ಲ. 2014ರಲ್ಲಿ ಬಂದ ಸಿಗ್ ಸಾವರ್ ಪಿ320ರಲ್ಲಿ ಸೂಜಿ ಹೆಚ್ಚುಕಡಿಮೆ ಪೂರ್ತಿ ಹಿಂದೆ ಸರಿದು ನಿಂತಿರುತ್ತದೆ; ಆದ್ದರಿಂದ ಎಳೆತ ಚೆನ್ನ. 2017ರ ಜನವರಿಯಲ್ಲಿ ಅಮೆರಿಕದ ಸೈನ್ಯ ಅದರ ಒಂದು ರೂಪವನ್ನು ಆರಿಸಿತು. ಅದೇ ವರ್ಷ, ಮಾರುಕಟ್ಟೆಯ ಪಿಸ್ತೂಲು ಒಂದು ನಿರ್ದಿಷ್ಟ ಕೋನದಲ್ಲಿ ಹಿಮ್ಮುಖವಾಗಿ ನೆಲಕ್ಕೆ ಬಿದ್ದರೆ ತಾನಾಗಿ ಸಿಡಿಯಬಹುದೆಂದು ಪರೀಕ್ಷೆಗಳಲ್ಲಿ ಕಂಡುಬಂತು. ಕಾರಣ ಸ್ವಾರಸ್ಯವಾಗಿದೆ. ಬಿಟಿಎಸ್ ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುವಂತೆ, ಪಿಸ್ತೂಲು ನೆಲಕ್ಕೆ ಬಡಿದು ನಿಂತಾಗ ಟ್ರಿಗರ್ ಮಾತ್ರ ತನ್ನ ಜಡತ್ವದಿಂದ ಮುಂದುವರಿದು ತನ್ನನ್ನು ತಾನೇ ಎಳೆದುಕೊಳ್ಳುತ್ತಿತ್ತು. ಕಂಪೆನಿ ಆಗಸ್ಟಿನಲ್ಲಿ ಉಚಿತ ಬದಲಾವಣೆ ಘೋಷಿಸಿ ಟ್ರಿಗರ್ ಕೊಂಡಿಯ ತೂಕವನ್ನೇ ಕಡಿಮೆಮಾಡಿತು. ಕೊಂಡಿ ಹಗುರವಾದರೆ ಕ್ಷೇಮ, ಎಳೆತ ಹಗುರವಾದರೆ ಅಪಾಯ. ಎರಡೂ ಬೇರೆ ಬೇರೆ. ಬೀಳದೆಯೂ ಸಿಡಿಯಿತೆಂಬ ಮೊಕದ್ದಮೆಗಳು ಆಮೇಲೂ ಅಮೆರಿಕದಲ್ಲಿ ನಡೆದಿವೆ, ಕಂಪೆನಿ ದೋಷವನ್ನು ಒಪ್ಪಿಲ್ಲ. ನಮ್ಮ ಆಸ್ಟ್ರೇಲಿಯದ ಸೈನ್ಯವೂ ದಶಕಗಳ ಬ್ರೌನಿಂಗ್ ಹೈ-ಪವರನ್ನು ಬಿಟ್ಟು 2022ರಲ್ಲಿ ಇದೇ ಪಿ320 ವಂಶದ ಪಿಸ್ತೂಲನ್ನು ಆರಿಸಿತು.

ಕ್ರೀಡೆಯ ನಿಯಮಗಳು ಈ ವಿಷಯದಲ್ಲಿ ಕಾನೂನಿಗಿಂತ ಜಾಣತನದವು ಎನ್ನಬೇಕು. 50 ಮೀಟರ್ ಪಿಸ್ತೂಲಿನಲ್ಲಿ ಟ್ರಿಗರಿನ ತೂಕಕ್ಕೆ ಮಿತಿಯೇ ಇಲ್ಲ; ಅದಕ್ಕೆ ಒಂದೊಂದೇ ತೋಟೆ ತುಂಬಬೇಕು. (2017ರಲ್ಲಿ ಬ್ರಿಸ್ಬೇನಿನ ಬೆಲ್ಮಾಂಟಿನಲ್ಲಿ ನಡೆದ ಕಾಮನ್‌ವೆಲ್ತ್ ಶೂಟಿಂಗ್ ಚಾಂಪಿಯನ್‌ಷಿಪ್ಪಿನಲ್ಲಿ ಈ ಸ್ಪರ್ಧೆಯ ಚಿನ್ನ ಗೆದ್ದವರು ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ.) 10 ಮೀಟರ್ ಗಾಳಿ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ. ತಾನೇ ಮರುತುಂಬಿಕೊಳ್ಳುವ 25 ಮೀಟರ್ ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ. ಸೊಂಟದಲ್ಲಿ ತುಂಬಿಕೊಂಡು ಓಡಾಡುವ ಪೊಲೀಸ್ ಪಿಸ್ತೂಲಿಗೆ ಎರಡೂವರೆ ಕಿಲೋ. ಯಂತ್ರ ತಾನಾಗಿ ಮಾಡುವ ಕೆಲಸ ಹೆಚ್ಚಾದಷ್ಟೂ ಬೆರಳಿನ ಮೇಲೆ ಸುಂಕ ಹೆಚ್ಚು.

ಮಕ್ಕಳನ್ನು ಕ್ಲಬ್ಬಿಗೆ ಕರೆದುಕೊಂಡು ಹೋಗುವ ತಂದೆತಾಯಿಗಳು ಯಾವ ಕಂಪೆನಿಯ ಪಿಸ್ತೂಲು ಎಂದು ಮೊದಲೇ ಕೇಳಬೇಕಾಗಿಲ್ಲ. ಟ್ರಿಗರ್ ತೂಗುವ ಬಟ್ಟು ಇದೆಯೇ ಎಂದು ಕೇಳಿ. ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಖಾಲಿ ಪಿಸ್ತೂಲಿನ ಟ್ರಿಗರಿಗೆ ಬಟ್ಟನ್ನು ಕೊಕ್ಕೆಯಿಂದ ಸಿಕ್ಕಿಸಿ ನೆಲದಿಂದ ಎತ್ತುತ್ತಾರೆ. ಬಟ್ಟು ಎದ್ದರೆ ಸರಿ, ಏಳುವ ಮೊದಲೇ ಟಕ್ ಎಂದರೆ ಆ ಪಿಸ್ತೂಲು ಹಾಗೆಯೇ ಸ್ಪರ್ಧೆಗಿಲ್ಲ. ಹಾಗೆಯೇ ಗುರಿಯಿಡುವವರೆಗೂ ಎಲ್ಲರ ತೋರುಬೆರಳು ಎಲ್ಲಿರುತ್ತದೆ ಎಂದು ಹಿಂದೆ ನಿಂತು ಹದಿನೈದು ನಿಮಿಷ ನೋಡಿ. ಟ್ರಿಗರಿನ ಕಾವಲು ಬಳೆಯ ಹೊರಗೆ, ಚೌಕಟ್ಟಿಗೆ ಅಂಟಿಕೊಂಡು ನೆಟ್ಟಗಿರಬೇಕು. ವಯಸ್ಸಿನ ಮಿತಿ, ಪರವಾನಗಿಯ ವಿಧ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ 2025ರ ಮಾರ್ಚ್ 31ರಿಂದ ಹೊಸ ಕಾಯಿದೆಯೇ ಬಂದಿದೆ, ಪರ್ತ್‌ನವರು ಅದನ್ನು ಓದಿಕೊಂಡೇ ಹೋಗುವುದು ಒಳ್ಳೆಯದು. 2002ರ ರಾಷ್ಟ್ರೀಯ ಒಪ್ಪಂದದ ಪ್ರಕಾರ ಹೊಸ ಸದಸ್ಯರು ಮೊದಲ ಆರು ತಿಂಗಳು ಸ್ವಂತ ಪಿಸ್ತೂಲು ಕೊಳ್ಳುವಂತಿಲ್ಲ. ಆ ಆರು ತಿಂಗಳು ಕಲಿಯಲು ಸಿಗುವುದು ಕ್ಲಬ್ಬಿನ ಪಿಸ್ತೂಲು, ನೂರು ಜನರ ಬೆರಳು ಸವೆಸಿದ್ದು. ಅದರ ಟ್ರಿಗರ್ ಬಿಗಿಯಾಗಿಯೇ ಇರುತ್ತದೆ.